ಇಲ್ಲದ ಮಹಡಿಗೆ ತೆರಿಗೆ

"ಹಲೋ… ಹಲೋ, ಯಾರು ಮಾತಾಡ್ತಿರೋದು? ಮನುಷ್ಯರಾ, ಮೆಷಿನ್ನಾ?"

"… ಅಬ್ಬ, ಮನುಷ್ಯರು! ಒಂದು ಒತ್ತಿ, ಎರಡು ಒತ್ತಿ ಅಂತ ಬೆರಳೇ ಸವೆದು ಹೋಯ್ತಲ್ಲ ಸ್ವಾಮಿ. ಮನೆ ತೆರಿಗೆ ವಿಭಾಗ ತಾನೇ? … ಹಾಂ. ನಂದೊಂದು ತಕರಾರಿದೆ. ಇವತ್ತು ಸಂಜೆ ಐದಕ್ಕೆ ಕೊನೆ ಅಂತ ನೋಟಿಸಲ್ಲಿ ಹಾಕಿದ್ದೀರಿ. ಈಗ ಮೂರೂಕಾಲು."

ಬೀದಿಯವರೆಲ್ಲ ಹೊಲಿಗೆಯಮ್ಮ ಎಂದೇ ಕರೆಯುವ ಈ ಹೆಂಗಸಿಗೆ ಫೋನೆಂದರೆ ಮೊದಲೇ ಆಗದು. ಅಳತೆ ಕೇಳುವುದಕ್ಕೆ, ಬಟ್ಟೆ ಆಯಿತೆಂದು ಹೇಳುವುದಕ್ಕೆ ಬಿಟ್ಟರೆ ಅದನ್ನು ಮುಟ್ಟುವವಳಲ್ಲ. ಬೆಳಗ್ಗಿನಿಂದ ನಾಲ್ಕು ಸಲ ತೆರಿಗೆ ಕಚೇರಿ ಅವಳಿಗೆ ಯಾವುದೋ ವಾದ್ಯ ಕೇಳಿಸಿ, ಆಮೇಲೆ ಕೈಕೊಟ್ಟಿತ್ತು. ಮುಂಗೋಣೆಯ ಮಂಕು ಬೆಳಕಿನಲ್ಲಿ ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಶಾಲೆಯ ಸಮವಸ್ತ್ರವೊಂದು ಅರ್ಧ ತೋಳಿಗೆ ನಿಂತಿತ್ತು. ಕತ್ತರಿಸಿಟ್ಟ ಮೂವತ್ತು ಜೊತೆ ಪಕ್ಕದಲ್ಲಿ ಕಾಯುತ್ತಿತ್ತು. ಫೋನನ್ನು ಹೆಗಲಿಗೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು, ನೋಟಿಸನ್ನು ಕೈಯಲ್ಲಿ ಹಿಡಿದು, ಅವಳು ನಿಂತೇ ಇದ್ದಳು. ಕೂತರೆ ಸಿಟ್ಟು ಇಳಿದುಹೋದೀತೆಂಬ ಭಯ ಅವಳಿಗಿತ್ತು.

"… ಹೆಸರು ನೋಟಿಸಲ್ಲೇ ಇದೆಯಲ್ಲ, ನಂಬರ್ ಹಾಕಿ ನೋಡ್ಕೊಳ್ಳಿ. … ಅದು ನಮ್ಮನೆಯವರ ಹೆಸರು. ನಾನು ಅವರ ಹೆಂಡ್ತಿ. … ಅವರಿಗೆ ಯಾಕೆ ಕೊಡ್ಬೇಕು ಫೋನು? ಅವರಿಗೆ ತಕರಾರೇ ಇಲ್ಲ! ತಕರಾರಿರೋದು ನಂಗೆ."

"… ಹೇಳ್ತೀನಿ, ಕೇಳಿ. ನಮ್ಮದು ಒಂದೇ ಅಂತಸ್ತಿನ ಮನೆ. ಮುಂಗೋಣೆ, ಮಲಗೋ ಕೋಣೆ, ಅಡುಗೆಮನೆ. ಮುಗೀತು. ನೀವೇನು ಬರ್ದಿದ್ದೀರಿ? ಮೇಲ್ಮಹಡಿ, ಮೂರು ಕೋಣೆ, ಒಂದು ಬಾಲ್ಕನಿ. ಬಾಲ್ಕನಿಗೆ ಅಲಂಕಾರದ ಕಬ್ಬಿಣದ ಕಟಕಟೆ ಅಂತ ಬೇರೆ! … ಇಲ್ಲ ರೀ. ಮೇಲೆ ಏನೂ ಇಲ್ಲ. ಆಕಾಶ ಇದೆ."

"… ಫೋಟೋದಲ್ಲಿ ಕಾಣ್ತಿದೆ, ನಿಜ. … ಹಾಂ, ಕಿಟಕಿ ಕಾಣ್ತಿದೆ, ಅದೂ ನಿಜ. … ಬಾಗಿಲು ಅರ್ಧ ತೆಗೆದಿದೆ, ಸರಿ. ಆದ್ರೆ ಅದು ಬಾಗಿಲಲ್ಲ, ಬಣ್ಣ. … ಬಣ್ಣ ರೀ, ಬಣ್ಣ! ಗೋಡೆ ಮೇಲೆ ಬರೆದಿರೋ ಚಿತ್ರ. … ಅಯ್ಯೋ, ನಿಮ್ಮ ಫೋಟೋ ಸುಳ್ಳು ಅಂತ ಯಾರಂದ್ರು? ನಿಮ್ಮ ಫೋಟೋ ನಿಜ, ನಮ್ಮನೆ ಸುಳ್ಳು!"

ಈ ಸುಳ್ಳಿನ ಕರ್ತೃ ಹೊರಗೆ ಪೋರ್ಟಿಕೋದಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಕೂತಿದ್ದ. ನಾಟಕ ಕಂಪನಿಯೊಂದರಲ್ಲಿ ನಲವತ್ತು ವರ್ಷ ಪರದೆ ಬರೆದವನು. ಎಲ್ಲರ ಬಾಯಲ್ಲೂ ಪರದೆ ಮಾಸ್ತರ. ಅರಮನೆ ಬರೆದಿದ್ದ, ಸೆರೆಮನೆ ಬರೆದಿದ್ದ, ಕಾಡು, ಕಡಲು, ರೈಲು ನಿಲ್ದಾಣ ಎಲ್ಲ ಬರೆದಿದ್ದ. ನಟರಿಗೆ ಚಪ್ಪಾಳೆ ಬಿತ್ತು, ಹಾಡಿದವರಿಗೆ ಬಿತ್ತು, ಪರದೆಗೆ ಮಾತ್ರ ಒಬ್ಬನೂ ತಟ್ಟಲಿಲ್ಲ. ಹೀಗಿರುವಾಗ ಸರ್ಕಾರವೇ ಮುದ್ರೆ ಒತ್ತಿ, ಇವನು ಬರೆದ ಬಾಲ್ಕನಿ ನಿಜವಾದ ಬಾಲ್ಕನಿ ಎಂದು ಕಾಗದ ಕಳಿಸಿದರೆ ಮನುಷ್ಯ ಹಿಗ್ಗದೆ ಇರುತ್ತಾನೆಯೇ? ನೋಟಿಸನ್ನು ಕ್ಷೌರಿಕನಿಗೆ ತೋರಿಸಿದ, ಪತ್ರಿಕೆ ಹಾಕುವವನಿಗೆ ತೋರಿಸಿದ, ಕೊನೆಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೋಣ ಎಂದು ಹೆಂಡತಿಯ ಹತ್ತಿರವೇ ಹೇಳಿ ಚೆನ್ನಾಗಿ ಉಗಿಸಿಕೊಂಡ.

"… ಗೋಡೆ ಎಲ್ಲಿಂದ ಬಂತು ಅಂದ್ರೆ, ನಮಗೆ ಮನೆ ಮಾರಿದವನು ಮೇಲೆ ಕಟ್ಟೋಕೆ ಶುರು ಮಾಡಿ ಮುಂದಿನ ಗೋಡೆ ಒಂದನ್ನ ಎಬ್ಬಿಸಿ ಬಿಟ್ಟುಬಿಟ್ಟ. ಹಿಂದೆ ಏನೂ ಇಲ್ಲ. ನಾನು ಅಲ್ಲಿ ಬಟ್ಟೆ ಒಣಗಿ ಹಾಕ್ತೀನಿ. ಆ ಬೋಳು ಗೋಡೆ ಮೇಲೆ ಈ ಮಹಾರಾಯರು ಹೋದ ವರ್ಷ ಮಹಡಿ ಬರೆದ್ರು. … ಯಾಕೆ ಬರೆದ್ರು ಅಂತ ನನ್ನ ಕೇಳಿದ್ರೆ? … ನಗ್ತಿದ್ದೀರಾ? … ಕೆಮ್ಮಿದ್ದಾ. ಸರಿ, ಕೆಮ್ಮಿ."

"… ನಿಮ್ಮೋರು ಗಾಡಿಯಿಂದ ಇಳಿದು ಒಂದು ಸಲ ಬಾಗಿಲು ತಟ್ಟಿದ್ರೆ ಆಗ್ತಿರಲಿಲ್ವಾ? … ಗಾಡಿ ಮೇಲೆ ಕ್ಯಾಮೆರಾ ಇಟ್ಕೊಂಡು ಹೋಗೋದು ಅಷ್ಟೇನಾ? … ಇಳಿಯೋ ಪದ್ಧತಿ ಇಲ್ವಾ? ಎಂಥ ಪದ್ಧತಿ ರೀ ನಿಮ್ದು!"

"… ಮೆಟ್ಟಿಲು ಎಲ್ಲಿದೆ ಅಂದ್ರೆ? ಮೆಟ್ಟಿಲಿಲ್ಲ. ಅದೇ ತಾನೇ ನಾನು ಹೇಳ್ತಿರೋದು! ಮಹಡಿ ಇದ್ರೆ ಮೆಟ್ಟಿಲಿರ್ಬೇಕು, ಅಲ್ವಾ? ಮೆಟ್ಟಿಲಿಲ್ಲದ ಮಹಡಿ ಉಂಟಾ? … ಬಟ್ಟೆ ಒಣಗಿಸೋಕೆ ಹೇಗೆ ಹೋಗ್ತೀನಾ? ಹಿಂದೆ ಕಬ್ಬಿಣದ ಏಣಿ ಇದೆ. … ಏನಂತ ಬರ್ಕೊಂಡ್ರಿ? ಹೊರಗಿನ ಮೆಟ್ಟಿಲಾ? ಅಳಿಸಿ ಸ್ವಾಮಿ, ಅಳಿಸಿ! ಏಣಿ ಅಂದೆ! … ನಿಮ್ಮಲ್ಲಿ ಏಣಿಗೆ ಖಾನೆ ಇಲ್ದಿದ್ರೆ ನಾನೇನು ಮಾಡ್ಲಿ!"

ತಾನೇ ಬಾಯಿ ಬಿಟ್ಟು ಮನೆಗೊಂದು ಮೆಟ್ಟಿಲನ್ನೂ ಸೇರಿಸಿಕೊಂಡೆನಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

"… ನಿಮ್ಮ ಕೈಲಾಗಲ್ಲ ಅಂದ್ರೆ ಅಳತೆ ನೋಡೋರಿಗೆ ಕೊಡಿ. … ಹಾಂ, ಕೊಡಿ, ಹಿಡ್ಕೊಂಡಿರ್ತೀನಿ."

ಮತ್ತೆ ವಾದ್ಯ. ಅವಳು ಒಂಟಿ ಕೈಯಲ್ಲಿ ತೋಳಿನ ಹೊಲಿಗೆಯೊಂದನ್ನು ಮುಗಿಸಿ, ತಪ್ಪಾಗಿದೆಯೆಂದು ಕಂಡು ಬಿಚ್ಚಿದಳು.

"ಹಲೋ, ಅಳತೆಯೋರಾ? ನೋಡಿ, ನಮ್ಮನೆ ಒಂದೇ ಅಂತಸ್ತು, ನೀವು ಎರಡು ಅಂತ… ಮತ್ತೆ ನೀವೇನಾ? … ಅಳತೆ ನೋಡೋರು ರಜೆ ಮೇಲಿದ್ದಾರಾ? … ಅವರ ಕೆಲಸಾನೂ ನೀವೇ ನೋಡ್ಕೊಳ್ತಿದ್ದೀರಾ? ಅದಕ್ಕೆ ಹತ್ತು ನಿಮಿಷ ನನ್ನ ಯಾಕ್ರೀ ಕಾಯಿಸಿದ್ರಿ?"

"… ಆಯ್ತು, ನಿಮ್ಮ ತಪ್ಪಲ್ಲ. ಯಾರ ತಪ್ಪೂ ಅಲ್ಲ. ಕಟ್ಟೋಳು ಮಾತ್ರ ನಾನು. … ಒಂದು ಸಲ ಗಟ್ಟಿ ಆದ್ರೆ ಐದು ವರ್ಷ ಬದಲಾಯಿಸೋ ಹಾಗಿಲ್ಲ ಅಂತ ಇದ್ರಲ್ಲಿ ಬರ್ದಿದೆ, ಹೌದಾ? … ನೋಡಿ, ನೀವೂ ಮನೆ ಮಠ ಇರೋರು, ಬಿಡಿಸಿ ಹೇಳ್ತೀನಿ. ಇಷ್ಟು ತೆರಿಗೆ ಕಟ್ಟೋಕೆ ನಮ್ಗಿರೋ ದಾರಿ ಒಂದೇ: ಈ ಮುಂಗೋಣೇನ ಬಾಡಿಗೆಗೆ ಕೊಡೋದು. ನಾನು ಹೊಲಿಯೋದು ಈ ಕೋಣೇಲಿ. ಮೆಷಿನ್ ಅಡುಗೆಮನೇಲಿ ಇಟ್ರೆ ಒಲೆ ಹೊರಗೆ ಇಡ್ಬೇಕು, ಅಷ್ಟಿದೆ ಅದು. ಇಲ್ದೇ ಇರೋ ಮೂರು ಕೋಣೆಗೋಸ್ಕರ ಇರೋ ಒಂದು ಕೋಣೇನ ಬಿಟ್ಕೊಡೋದಾ? ನೀವೇ ಹೇಳಿ."

"… ಫೋಟೋ ಕಳಿಸ್ದೆ ರೀ! ಪಕ್ಕದ ಮನೆ ಹುಡುಗಿ ಹಿಂದಿನಿಂದ ತೆಗೆದು ಬೆಳಗ್ಗೆನೇ ಕಳಿಸಿದ್ಲು. ಗೋಡೆ, ಹಗ್ಗ, ಹಗ್ಗದ ಮೇಲೆ ನಮ್ಮನೆಯವರ ಬನಿಯನ್ನು, ಎಲ್ಲಾ ಸ್ಪಷ್ಟವಾಗಿದೆ. … ತಿರಸ್ಕಾರ? ಯಾಕೆ? … ಮುಂದಿನಿಂದ ತೆಗೆದಿದ್ದು ಮಾತ್ರ ತಗೊಳ್ಳೋದಾ? ಮುಂದಿನಿಂದ ತೆಗೆದ್ರೆ ಮಹಡಿ ಕಾಣುತ್ತಲ್ಲ! … ಕಂಡ್ರೆ ಇದೆ ಅಂತ ಅರ್ಥ. ಕಾಣದೇ ಇರೋ ಫೋಟೋ ತಗೊಳ್ಳಲ್ಲ. ಆಹಾ! ಇದನ್ನ ಯಾರು ಕೂತು ಬರೆದ್ರೋ, ಅವರ ತಲೆ ನೋಡ್ಬೇಕಿತ್ತು ನಾನು."

"… ಬಂದು ನೋಡ್ಲಿ ಅಂದ್ರೆ ಯಾವಾಗ ಬರ್ತಾರೆ? … ಏಳು ತಿಂಗಳಾ? … ಅಲ್ಲೀವರೆಗೆ ಮೂರು ಕೋಣೆಗೂ ಕಟ್ತಾ ಇರ್ಬೇಕಾ?"

ಅವಳ ದನಿ ಒಡೆಯಿತು. ಸಿಟ್ಟಿನಿಂದಲೋ ಅಳುವಿನಿಂದಲೋ ಅವಳಿಗೇ ತಿಳಿಯಲಿಲ್ಲ. ಆಚೆ ಕಡೆಯ ಗುಮಾಸ್ತನಿಗೂ ಏನನ್ನಿಸಿತೋ, ಬಹಳ ಹೊತ್ತು ಏನನ್ನೋ ಮೆಲ್ಲಗೆ ಹೇಳಿದ.

"… ಏನು? ಇನ್ನೊಂದ್ಸಲ ಹೇಳಿ. … ಗೋಡೆಗೆ ಬಿಳಿ ಬಣ್ಣ ಬಳಿದುಬಿಡೋದಾ? … ಬಳಿದು ಮುಂದಿನಿಂದ ಫೋಟೋ ತೆಗೆದು ಐದರೊಳಗೆ ಕಳಿಸಿದ್ರೆ ನೀವೇ ಸರಿ ಮಾಡ್ತೀರಾ? … ಎಷ್ಟು ಕಿಟಕಿ ಕಾಣುತ್ತೋ ಅಷ್ಟು ಕೋಣೆ. ಒಂದೂ ಕಾಣದಿದ್ರೆ ಮಹಡಿಯೇ ಇಲ್ಲ. … ಅಷ್ಟೇನಾ? ಅಯ್ಯೋ ಪುಣ್ಯಾತ್ಮ, ಇದನ್ನ ಮೊದ್ಲೇ ಹೇಳಬಾರದಿತ್ತಾ! ಒಂದು ಡಬ್ಬಿ ಬಿಳಿ ಬಣ್ಣ ಮನೇಲೇ ಬಿದ್ದಿದೆ. ಒಂದ್ನಿಮಿಷ… ಏನ್ರೀ! ಕೇಳಿಸ್ತಾ? ನಿಮ್ಮ ಅರಮನೆಗೆ ಬಿಳಿ ಬಳೀಬೇಕಂತೆ! ಬಳಿದ್ರೆ ನೋಟಿಸು ವಜಾ ಅಂತೆ!"

ಪೋರ್ಟಿಕೋದಲ್ಲಿ ಬೆತ್ತದ ಕುರ್ಚಿ ಕಿರ್ರೆಂದಿತು, ಚಪ್ಪಲಿ ಎಳೆಯುವ ಸದ್ದು ಮನೆಯ ಪಕ್ಕದಿಂದ ಹಿಂದಕ್ಕೆ ಹೋಯಿತು. ಪರದೆ ಮಾಸ್ತರನ ಬಲಗೈ ಈ ಚಳಿಗಾಲದಿಂದ ನಡುಗುತ್ತದೆ. ಚಹಾದ ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಾನೆ, ಅದೂ ಅರ್ಧ ತುಂಬಿದ್ದನ್ನು. ಇನ್ನು ಅವನು ಒಂದು ಗೆರೆಯನ್ನೂ ನೆಟ್ಟಗೆ ಎಳೆಯಲಾರ. ಆ ಗೋಡೆ ಅವನ ಕೊನೆಯ ಪರದೆ. ಇದು ಹೊಲಿಗೆಯಮ್ಮನಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಆ ಗಳಿಗೆಯಲ್ಲಿ ಅವಳಿಗೆ ಕಾಣುತ್ತಿದ್ದುದು ಮುಂಗೋಣೆ ಒಂದೇ.

"… ಹಾಂ, ಇದ್ದೀನಿ, ಹೇಳಿ. … ಅರ್ಜಿ ಈಗಲೇ ತುಂಬ್ತೀರಾ? ತುಂಬಿ. … ಹಳೇ ಫೋಟೋದಲ್ಲಿರೋ ಒಂದೊಂದು ಕಿಟಕಿನೂ ಎಲ್ಲಿದೆ, ಹೇಗಿದೆ ಅಂತ ನಾನು ಹೇಳ್ಬೇಕಾ? … ಆಮೇಲೆ ಅದು ಹೋಯ್ತು ಅಂತ ನೀವು ಹೊಡೆದು ಹಾಕ್ತೀರಾ. … ನಂಗೇನು ಗೊತ್ತು ರೀ ಎಲ್ಲೆಲ್ಲಿದೆ ಅಂತ? … ನಮ್ಮನೆಯೇ, ಆದ್ರೂ ನಾನು ನೋಡಿಲ್ಲ."

ಇದು ಸುಳ್ಳಲ್ಲ. ಮಲಗುವ ಕೋಣೆಯ ಸೂರು ಸೋರುತ್ತದೆಂದು ಅವಳು ಹೊಲಿದು ಕೂಡಿಸಿಟ್ಟ ಹಣ ಹೋದ ವರ್ಷ ಬಣ್ಣದ ಡಬ್ಬಿಗಳಾಗಿ ಮನೆಗೆ ಬಂದಿತ್ತು. ಆ ದಿನ ಅವಳು ಆಣೆ ಮಾಡಿದ್ದಳು: ಆ ಗೋಡೆಯ ಕಡೆ ತಲೆ ಎತ್ತಿ ನೋಡಿದರೆ ಕೇಳಿ. ಹಟವೆಂದರೆ ಹಟ. ಗೇಟು ದಾಟುವಾಗ ನೆಲ, ತಿರುಗಿ ಬರುವಾಗಲೂ ನೆಲ. ಬೀದಿಯವರು ನಿಂತು ನೋಡಿ ಹೊಗಳಿದರೆ ಇವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ನೋಟಿಸಿನ ಫೋಟೋ ಅಂಚೆ ಚೀಟಿಯಷ್ಟು. ಅದರಲ್ಲಿ ಕಿಟಕಿ ಯಾವುದು, ಮಸಿ ಯಾವುದು ಎಂದು ಹೇಳುವುದೇ ಕಷ್ಟ. ಹೀಗೆ ಒಂದು ವರ್ಷ ಕಳೆದ ಮೇಲೆ ಅವಳು ಫೋನನ್ನು ಕಿವಿಗೊತ್ತಿಕೊಂಡು ಬೀದಿ ದಾಟಿ, ಎದುರಿನ ಸೈಕಲ್ ರಿಪೇರಿ ಅಂಗಡಿಯ ಮುಂದೆ ನಿಂತು, ತನ್ನ ಮನೆಯ ಕಡೆ ತಿರುಗಿದಳು.

"… ಬಂದೆ, ಎದುರುಗಡೆ ನಿಂತಿದ್ದೀನಿ. ಬರ್ಕೊಳ್ಳಿ. ಬಲಗಡೆ ತುದೀಲಿ… ಅಲ್ಲಿ ಏನೂ ಇಲ್ಲ. … ಇತ್ತೇನೋ. ಈಗ ಬೆಳ್ಳಗಿದೆ. ಆಗಲೇ ಬಳಿದುಬಿಟ್ಟಿದ್ದಾರೆ."

ಪರದೆ ಮಾಸ್ತರ ಏಣಿ ಹತ್ತಿ, ತಾರಸಿ ಸುತ್ತಿ, ಪೋರ್ಟಿಕೋದ ಚಪ್ಪಡಿಯ ಮೇಲೆ ಇಳಿದಿದ್ದ. ಉದ್ದ ಕೋಲಿಗೆ ಕಟ್ಟಿದ ಅಗಲ ಕುಂಚವನ್ನು ಎರಡು ಕೈಯಲ್ಲೂ ಅಪ್ಪಿ ಹಿಡಿದು ಮೇಲೆ ಕೆಳಗೆ ಎಳೆಯುತ್ತಿದ್ದ. ಅವನ ಎರಡೂ ಪಕ್ಕ ಬರೆದ ಕಟಕಟೆ, ಅವನ ಕಾಲಬಳಿ ಬರೆದ ನೆರಳು. ಬೀದಿಯ ಈ ಕಡೆಯಿಂದ ನೋಡಿದರೆ ತನ್ನದೇ ಬಾಲ್ಕನಿಯಲ್ಲಿ ಯಜಮಾನನೊಬ್ಬ ನಿಂತು ಮನೆ ಒರೆಸುತ್ತಿರುವ ಹಾಗಿತ್ತು. ಇದೆಲ್ಲ ಚಿತ್ರವೆಂದು ಗೊತ್ತಿದ್ದ ಅವಳೂ ಒಂದು ಗಳಿಗೆ ಮೋಸಹೋದಳು.

"… ಹೂಂ, ಹೇಳ್ತೀನಿ. ಬಾಗಿಲು… ಬಾಗಿಲು ಈಗ ಹೋಗ್ತಿದೆ. ಹೋಯ್ತು. ಹೊಡೆದು ಹಾಕಿ. … ನಡುವಿಂದು ಹಸಿರು ಕದದ ಕಿಟಕಿ, ಕೆಳಗೆ ಒಂದು ಹೂವಿನ ಕುಂಡ. … ಹಾಂ, ಅದಕ್ಕೂ ಕುಂಚ ಬಂತು. ಅರ್ಧ ಹೋಯ್ತು. … ಪೂರ್ತಿ ಹೋಯ್ತು. ಎರಡು ಹೊಡೆದು ಹಾಕಿ."

"… ಇನ್ನೊಂದಿದೆ, ಎಡಗಡೆ. ದೊಡ್ಡದು. ಕಿಟಕಿ ತೆರೆದಿದೆ, ಪರದೆ ಪಕ್ಕಕ್ಕೆ ಸರಿಸಿದೆ. ಒಳಗೆ…"

"…"

"… ಇದ್ದೀನಿ, ಇದ್ದೀನಿ. ಲೈನ್ ಕಟ್ಟಾಗಿಲ್ಲ."

ಒಳಗೆ ಹೊಲಿಗೆ ಯಂತ್ರವೊಂದಿತ್ತು. ಅದು ಅವಳದೇ ಯಂತ್ರ: ಚಕ್ರದ ಪಕ್ಕ ಬಣ್ಣ ಕಿತ್ತುಹೋದ ಜಾಗವನ್ನೂ ಬಿಡದೆ ಬರೆದಿದ್ದ. ಕುರ್ಚಿಯ ಬೆನ್ನಿಗೆ ಅವಳ ಬೂದು ಸ್ವೆಟರು. ಮೇಜಿನ ತುದಿಯಿಂದ ಅಳತೆಪಟ್ಟಿ ಇಳಿಬಿದ್ದಿತ್ತು. ಕಿಟಕಿಯ ಎಡದಿಂದ ಬಂದ ಬೆಳಕು ಯಂತ್ರದ ಮೇಲೆ, ಸರಿಯಾಗಿ ಸೂಜಿಯ ಮೇಲೆ ಬೀಳುವಂತೆ ಬರೆದಿದ್ದ. ಈ ಮನೆ ಕೊಂಡ ದಿನ ಆ ಬೋಳು ಗೋಡೆ ತೋರಿಸಿ ಅವನು ಹೇಳಿದ್ದ, ನೋಡು, ಇದರ ಹಿಂದೆ ನಿನಗೊಂದು ಕೋಣೆ ಕಟ್ಟಿಸ್ತೀನಿ, ಕಣ್ಣು ನೋಯಿಸ್ಕೊಂಡು ಹೊಲಿಯೋದು ತಪ್ಪುತ್ತೆ ಎಂದು. ಅವಳು ಅದನ್ನು ಹತ್ತು ವರ್ಷ ನಂಬಿದಳು, ಹತ್ತು ವರ್ಷ ಹಂಗಿಸಿದಳು, ಆಮೇಲೆ ಮರೆತಳು. ಅವನು ಮರೆತಿರಲಿಲ್ಲ. ಹೊಲಿಗೆಯಮ್ಮನಿಗೆ ದುಃಖ ಉಕ್ಕಿಬಂತು, ಅದರ ಜೊತೆಗೇ ಇವನೊಂದು ಮಾತು ಹೇಳಬಾರದಿತ್ತೇ ಎಂದು ಕೆಟ್ಟ ಕೋಪವೂ ಬಂತು.

ಕುಂಚ ಡಬ್ಬಿಯಲ್ಲಿ ಮುಳುಗಿ ಎಡಕ್ಕೆ ತಿರುಗಿತು.

"ನಿಲ್ಸಿ! ನಿಲ್ಸಿ ಅಂದೆ! ಮುಟ್ಟಬೇಡಿ ಅದನ್ನ! … ನಿಮಗಲ್ಲ ರೀ, ನೀವು ಬರೀರಿ! … ಏನ್ರೀ, ನಿಮಗೇ ಹೇಳ್ತಿರೋದು, ಕುಂಚ ಕೆಳಗಿಡಿ! ಕೆಳಗೆ! … ಅಯ್ಯೋ ಗುಮಾಸ್ತರೇ, ನೀವು ಯಾಕ್ರೀ ಪೆನ್ ಕೆಳಗಿಟ್ರಿ? ತಗೊಳ್ಳಿ!"

ಸೈಕಲ್ ಅಂಗಡಿಯವನು ಪಂಪು ಹಿಡಿದುಕೊಂಡೇ ಹೊರಗೆ ಬಂದ. ಗೋಡೆಯ ಮುಂದೆ ಪರದೆ ಮಾಸ್ತರ ಹಾಗೇ ನಿಂತ. ಕುಂಚದಿಂದ ಬಿಳಿ ಬಣ್ಣ ಅವನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

"… ಸಮಾಧಾನವಾಗೇ ಇದ್ದೀನಿ. ಕೇಳಿ. ಎರಡು ಕಿಟಕಿ, ಒಂದು ಬಾಗಿಲು ಹೋಯ್ತು, ಬಾಗಿಲಿನ ಜೊತೆ ಬಾಲ್ಕನೀನೂ ಹೋಯ್ತು, ಹೊಡೆದು ಹಾಕಿದ್ರಲ್ಲ? ಎಡಗಡೇದು ಹೋಗಲ್ಲ. … ಹೋಗಲ್ಲ ಅಂದ್ರೆ ಹೋಗಲ್ಲ. … ಗೊತ್ತು, ಕಿಟಕಿ ಕಂಡ್ರೆ ಕೋಣೆ. ಹಾಗಾದ್ರೆ ಒಂದು ಕೋಣೆ ಅಂತ ಬರ್ಕೊಳ್ಳಿ."

"… ಒಂದಕ್ಕೆ ಎಷ್ಟಾಗುತ್ತೆ? … ಹೂಂ. … ಅಷ್ಟನ್ನ ಹೊಲಿದು ಕಟ್ತೀನಿ. ವಾರಕ್ಕೆ ಎರಡು ಜೊತೆ ಜಾಸ್ತಿ ಹೊಲಿದ್ರಾಯ್ತು. ಮುಂಗೋಣೆ ಬಾಡಿಗೆಗೆ ಹೋಗಲ್ಲ, ಸಾಕು."

"… ಇಲ್ದೇ ಇರೋ ಕೋಣೆಗೆ ಯಾಕಮ್ಮ ಕಟ್ತೀರಿ ಅಂತ ನೀವು ಕೇಳ್ತಿದ್ದೀರಾ? ನೀವಾ?! ಇಷ್ಟು ಹೊತ್ತು ಇದೆ, ಇದೆ, ಕಾಣ್ತಿದೆ ಅಂದಿದ್ದು ಯಾರ್ರೀ? … ಹಾಂ. ನೀವು ಹೇಳಿದ್ದೇ ಸರಿ. ಇದೆ."

"… ಪಕ್ಕದ ಮನೆ ಹುಡುಗಿ ಹತ್ರ ಫೋಟೋ ಈಗಲೇ ತೆಗೆಸಿ ಕಳಿಸ್ತೀನಿ, ಆ ಅಳಿಸಿದ ಜಾಗ ಚೆನ್ನಾಗಿ ಕಾಣೋ ಹಾಗೆ. … ಸರಿ. … ಕೋಣೆ ಉಪಯೋಗ ಏನು ಅಂತ ಖಾನೆ ಇದ್ಯಾ? … ಹೊಲಿಗೆ ಕೋಣೆ. … ಹೌದು, ಹೊಲಿಗೆ. … ಬೆಳಕು, ಗಾಳಿ? ಬೆಳಕು ಚೆನ್ನಾಗಿದೆ. ತುಂಬಾ ಚೆನ್ನಾಗಿದೆ."

ಮೇಲೆ ನಿಂತವನು ಏನಾಯಿತೆಂಬಂತೆ ಕೈ ಆಡಿಸಿದ. ಆ ಕೈ ನಡುಗುತ್ತಿದ್ದುದು ಇಷ್ಟು ದೂರಕ್ಕೂ ಕಾಣುತ್ತಿತ್ತು. ಅವಳು ಅವನಿಗೆ ಹೇಳಲು ಬಾಯಿ ತೆರೆದಳು, ಹೇಳಿದ್ದು ಮಾತ್ರ ಮತ್ತೆ ಫೋನಿಗೆ.

"… ಎಲ್ಲಾ ದಾಖಲಾಯ್ತಾ? … ಒಂದೇ ಉಳೀತಾ? … ಕೋಣೆ ಯಾರ ಉಪಯೋಗಕ್ಕೆ ಅಂತಾನಾ? … ಮನೆ ಅವರ ಹೆಸರಲ್ಲೇ ಇರ್ಲಿ. ಕೋಣೆ ನಂದು. ನಮ್ಮನೆಯವರು ನಂಗೆ ಅಂತ ಕಟ್ಟಿಸಿಕೊಟ್ಟಿದ್ದು. … ಹಾಂ, ಕಟ್ಟಿಸಿಕೊಟ್ಟಿದ್ದು ಅಂತಾನೇ ಬರೀರಿ. … ನನ್ನ ಹೆಸರು ಹೇಳ್ತೀನಿ, ಬರ್ಕೊಳ್ಳಿ, ನನ್ನ ಹೆಸ—"

ಅಷ್ಟರಲ್ಲಿ ಫೋನಿನಲ್ಲಿ ಮತ್ತೆ ಅದೇ ವಾದ್ಯ ಶುರುವಾಯಿತು.